ಮಣಿ, ಗೋಡೆ ಮತ್ತು ಅಕ್ಕ

ಮೊದಲೇ ಹೇಳಿಬಿಡ್ತೀನಿ, ಇದು ವಿಡಿಯೋ ಗೇಮಿನ ಕಥೆ. ನಲವತ್ತು ದಾಟಿದ ಮೇಲೂ ಇವನಿಗೇನು ಮಕ್ಕಳಾಟ ಅಂತ ಮೂಗು ಮುರಿಯೋರು ಇಲ್ಲಿಂದಲೇ ವಾಪಸ್ ಹೋಗಬಹುದು, ಬೇಜಾರಿಲ್ಲ :-) ಉಳಿದೋರು ಸ್ವಲ್ಪ ತಾಳ್ಮೆಯಿಂದ ಓದಿ. ಆಟದ ಕೊನೆಯನ್ನೂ ಹೇಳಿಬಿಡ್ತೀನಿ, ಹಾಗಾಗಿ ಮುಂದೆ ಯಾವತ್ತಾದ್ರೂ ಆಡಬೇಕು ಅಂತ ಎತ್ತಿಟ್ಟುಕೊಂಡಿರೋರು ಹುಷಾರು.

ಆಟದ ಹೆಸರು 'ಫೈನಲ್ ಫ್ಯಾಂಟಸಿ 15'. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯದ್ದು. 2006ರಲ್ಲಿ ಬೇರೆ ಹೆಸರಿನಲ್ಲಿ ಘೋಷಣೆಯಾಗಿ, ನಡುವೆ ಹೆಸರು ಬದಲಾಗಿ, ನಿರ್ದೇಶಕರೂ ಬದಲಾಗಿ, ಕೊನೆಗೆ ಜನರ ಕೈಗೆ ಬಂದಿದ್ದು 2016ರ ನವೆಂಬರಿನಲ್ಲಿ. ಹತ್ತು ವರ್ಷ! ಸೇತುವೆ ಕಟ್ಟೋಕೂ ಅಷ್ಟು ದಿನ ಹಿಡಿಯಲ್ಲ. ಈ ಸರಣಿಯವರಿಗೆ 1987ರ ಮೊದಲ ಆಟದಿಂದಲೂ ಸ್ಫಟಿಕದ ಹುಚ್ಚು. ಅದರಲ್ಲಿ ಮಣ್ಣು, ಬೆಂಕಿ, ನೀರು, ಗಾಳಿ ಅಂತ ನಾಲ್ಕಕ್ಕೂ ಒಂದೊಂದು ಸ್ಫಟಿಕ. ಅವುಗಳ ಬೆಳಕು ಆರಿದರೆ ಲೋಕವೇ ಹಾಳು. 1991ರ ನಾಲ್ಕನೇ ಆಟವಂತೂ ಶುರುವಾಗೋದೇ ನಾಯಕ ತನ್ನ ರಾಜನ ಅಪ್ಪಣೆ ಅಂತ ಇನ್ನೊಂದೂರಿಗೆ ನುಗ್ಗಿ ಅಲ್ಲಿಯ ಸ್ಫಟಿಕ ಕಿತ್ತುಕೊಂಡು ಬರೋದರಿಂದ. ನಾಯಕನೇ ಕಳ್ಳ!

ಹದಿನೈದರಲ್ಲಿ ಇರೋದು ಒಂದೇ ಒಂದು ಸ್ಫಟಿಕ. ಲೂಸಿಸ್ ಅನ್ನೋ ರಾಜ್ಯದ ರಾಜಧಾನಿಯಲ್ಲಿ, ಅರಮನೆಯೊಳಗೆ ಅದನ್ನ ಇಟ್ಟಿದ್ದಾರೆ. ರಾಜಧಾನಿಯ ಹೆಸರು ಇನ್ಸೋಮ್ನಿಯಾ. ನಿದ್ದೆ ಬಾರದ ಕಾಯಿಲೆಯ ಹೆಸರನ್ನ ಊರಿಗೆ ಇಟ್ಟಿದ್ದಾರಲ್ಲ, ಯಾರೋ ಬೆಂಗಳೂರಿನ ಸಾಫ್ಟ್‌ವೇರಿನವರೇ ಇಟ್ಟಿರಬೇಕು ಅಂದುಕೊಂಡೆ. ನೋಡೋಕೆ ಊರು ಥೇಟ್ ಟೋಕಿಯೋ. ಗಗನಚುಂಬಿ ಕಟ್ಟಡ, ಮೇಲ್ಸೇತುವೆ, ಕಾರು, ಟೀವಿ ಎಲ್ಲ ಇದೆ. ಆದರೆ ಊರಿನ ಸುತ್ತ ಮತ್ತು ಮೇಲೆ, ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಮಾಯೆಯ ಗೋಡೆ. ಹೊರಗೆ ನಿಫಲ್‌ಹೈಮ್ ಅನ್ನೋ ಸಾಮ್ರಾಜ್ಯ, ಅವರ ಯಂತ್ರದ ಸೈನಿಕರು, ಹಾರೋ ಹಡಗುಗಳು. ಅವರ್ಯಾರೂ ಈ ಗೋಡೆ ದಾಟಿ ಒಳಗೆ ಬರೋ ಹಾಗಿಲ್ಲ. ಗೋಡೆ ನಿಂತಿರೋದು ಆ ಮಣಿಯ ಶಕ್ತಿಯಿಂದ.

ಇಷ್ಟೇ ಆಗಿದ್ದರೆ ಅಜ್ಜಿಕಥೆ. ಆದರೆ ಮಣಿ ತಾನಾಗೇ ಏನೂ ಮಾಡಲ್ಲ. ರಾಜವಂಶದವನು ಬೆರಳಿಗೆ ಒಂದು ಉಂಗುರ ಹಾಕಿಕೊಂಡು ಅದರಿಂದ ಶಕ್ತಿ ಎಳೆಯಬೇಕು. ಎಳೆದಷ್ಟೂ ಎಳೆಯುವವನ ಆಯಸ್ಸು ಸವೆಯುತ್ತೆ. ಈಗಿನ ರಾಜ ರೀಜಿಸ್, ಆ ವಂಶದ ನೂರ ಹದಿಮೂರನೆಯವನು. ವಯಸ್ಸು ಐವತ್ತರ ಆಸುಪಾಸು, ನೋಡೋಕೆ ಎಪ್ಪತ್ತು. ಕೂದಲು ಬೆಳ್ಳಗೆ, ಕೈಯಲ್ಲಿ ಕೋಲು, ಕಾಲಿಗೆ ಲೋಹದ ಪಟ್ಟಿ. ಊರಿನೊಳಗೆ ಜನ ಕಾಫಿ ಕುಡೀತಾ, ಟ್ರಾಫಿಕ್ಕಿಗೆ ಬೈತಾ ಆರಾಮಾಗಿರ್ತಾರೆ. ಅರಮನೆಯಲ್ಲಿ ಒಬ್ಬ ಮನುಷ್ಯ ದಿನಕ್ಕಿಷ್ಟು ಅಂತ ಕರಗ್ತಾ ಇರ್ತಾನೆ.

ನಾನು ಈ ಆಟ ಆಡಿದ್ದು 2017ರಲ್ಲಿ. ಶುರುವಿನಲ್ಲೇ ಒಂದು ಸಣ್ಣ ದೃಶ್ಯ ಬರುತ್ತೆ. ರಾಜಕುಮಾರ ನಾಕ್ಟಿಸ್, ಇಪ್ಪತ್ತರ ಹುಡುಗ, ಮದುವೆಗೆ ಅಂತ ಮೂವರು ಗೆಳೆಯರ ಜೊತೆ ಅಪ್ಪನ ಕಾರಿನಲ್ಲಿ ಹೊರಟಿದ್ದಾನೆ. ಅಪ್ಪನಿಗೆ ಕಾಟಾಚಾರಕ್ಕೆ ತಲೆಬಾಗಿ ಮೆಟ್ಟಿಲಿಳಿದು ಬಂದಿದ್ದಾನೆ. ಹಿಂದಿನಿಂದ ರೀಜಿಸ್ ಕುಂಟುತ್ತಾ ಮೆಟ್ಟಿಲಿಳಿದು ಬಂದು ಏನೇನೋ ಬುದ್ಧಿಮಾತು ಹೇಳ್ತಾನೆ. ಮಗ ಆಯ್ತಾಯ್ತು ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟು ಕಾರು ಹತ್ತುತ್ತಾನೆ. ಸ್ವಲ್ಪ ದೂರಕ್ಕೇ ಕಾರು ಕೆಟ್ಟು, ನಾಲ್ಕೂ ಜನ ಬಿಸಿಲಲ್ಲಿ ತಳ್ಳೋದು ಮುಂದಿನ ದೃಶ್ಯ. ಅಲ್ಲಿಂದಲೇ ಆಟ ಶುರು. ನೀವೂ ಕಾರು ತಳ್ಳಬೇಕು.

ನಾನು ಆಗಲೇ ಅರ್ಧ ಆಟ ಆಡಿದ್ದೆ. ಆ ಆಗಸ್ಟಿನಲ್ಲಿ ಅಪ್ಪ ಮಂಡಿ ಆಪರೇಷನ್ನಿಗೆ ತಿಪಟೂರಿನಿಂದ ನಮ್ಮ ಮನೆಗೆ ಬಂದರು. ನೋಡಿಕೊಳ್ಳೋಕೆ ಅರಸೀಕೆರೆಯಿಂದ ಅಕ್ಕನೂ ಬಂದಳು. ಆಪರೇಷನ್ ಆಗಿ ಮನೆಗೆ ಬಂದಮೇಲೆ ಅಪ್ಪನಿಗೆ ಹೊತ್ತು ಹೋಗ್ತಿರಲಿಲ್ಲ. ಟೀವಿ ಸೀರಿಯಲ್ ಅಂದ್ರೆ ಆಗಲ್ಲ. ಸರಿ, ಒಂದು ಭಾನುವಾರ ಅಪ್ಪನಿಗೆ ತೋರಿಸೋಣ ಅಂತ ಮೊದಲಿಂದ ಆಟ ಶುರು ಮಾಡಿದೆ. ವಾಕರ್ ಪಕ್ಕಕ್ಕಿಟ್ಟು ಸೋಫಾದಲ್ಲಿ ಕಾಲು ಚಾಚಿ ಕೂತು ನೋಡಿದರು. ರೀಜಿಸ್ ಮೆಟ್ಟಿಲಿಳಿದು ಬಂದಾಗ ಕೇಳಿದರು:

"ಆ ರಾಜಂಗೂ ಮಂಡಿ ನೋವೇನೋ?"

ನಂಗೆ ನಗು ಬಂತು. ಮಣಿ, ಉಂಗುರ, ಗೋಡೆ ಎಲ್ಲ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಆಪರೇಷನ್ ಮಾಡ್ಸಿದ್ರೂ ಹೋಗಲ್ಲ ಬಿಡು" ಅಂದರು.

ನಗು ನಿಂತಮೇಲೆ ಮನಸ್ಸಿಗೆ ಏನೋ ಚುಚ್ಚಿತು. ಅಪ್ಪನದು ದಿನಸಿ ಅಂಗಡಿ. ಮೂವತ್ತೈದು ವರ್ಷ ತಕ್ಕಡಿ ಹಿಂದೆ ನಿಂತೂ ನಿಂತೂ ಸವೆದ ಮಂಡಿ ಅದು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತೂವರೆ. ಚೀಟಿ ಎತ್ತಿ, ಸಾಲ ಮಾಡಿ, ಅಮ್ಮನ ಬಳೆ ಅಡ ಇಟ್ಟು ನನ್ನ ಇಂಜಿನಿಯರಿಂಗ್ ಓದಿಸಿದರು. ಹಾಸ್ಟೆಲಿನಲ್ಲಿದ್ದಾಗ ತಿಂಗಳ ಐದನೇ ತಾರೀಖಿಗೆ ಸರಿಯಾಗಿ ದುಡ್ಡು ಬರ್ತಿತ್ತು. ಎಲ್ಲಿಂದ ಬರುತ್ತೆ ಅಂತ ಕೇಳೋ ಗೋಜಿಗೆ ನಾನು ಹೋಗಲಿಲ್ಲ. ಇನ್ಸೋಮ್ನಿಯಾದ ಜನ ತಲೆಯೆತ್ತಿ ಗೋಡೆ ನೋಡ್ತಾರಾ? ಹಾಗೆ. ಆವತ್ತು ರಾತ್ರಿ ಅಕ್ಕನಿಗೆ ಹೇಳಿದೆ, ನಮ್ಮಪ್ಪನೇ ಈ ರೀಜಿಸ್ ಕಣೇ, ನನಗೆ ಇಷ್ಟು ದಿನ ಗೊತ್ತೇ ಆಗಲಿಲ್ಲ ನೋಡು ಅಂತ. ಹೇಳುವಾಗ ಗಂಟಲು ಕಟ್ಟಿತ್ತು. ಎಂಥಾ ದೊಡ್ಡ ಸತ್ಯ ಕಂಡುಹಿಡಿದೆ ಅನ್ನೋ ಹೆಮ್ಮೆ ಬೇರೆ.

ಅಕ್ಕ ಹುರುಳಿಕಾಯಿ ಸೋಸ್ತಾ ಇದ್ದಳು. "ಹ್ಞೂಂ" ಅಂದಳು ಅಷ್ಟೇ.

ಈ ಆಟಕ್ಕೆ ಜೊತೆಯಾಗಿ 'ಕಿಂಗ್ಸ್‌ಗ್ಲೇವ್' ಅಂತ ಒಂದು ಸಿನಿಮಾನೂ 2016ರಲ್ಲೇ ಬಂದಿತ್ತು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ್ದು. ರಾಜಕುಮಾರ ಊರು ಬಿಟ್ಟ ಮೇಲೆ ಹಿಂದೆ ಅರಮನೆಯಲ್ಲಿ ಏನಾಯ್ತು ಅನ್ನೋದು ಅದರ ಕಥೆ. (ಇಂಗ್ಲಿಷಿನಲ್ಲಿ ರೀಜಿಸ್‌ಗೆ ಶಾನ್ ಬೀನ್ ದನಿ ಕೊಟ್ಟಿದ್ದಾನೆ. ಆ ಪುಣ್ಯಾತ್ಮ ಇದ್ದಾನೆ ಅಂದ್ರೆ ರಾಜ ಉಳಿಯಲ್ಲ ಅಂತ ಗೊತ್ತಾಗಿಬಿಡುತ್ತೆ.) ಮಾರನೇ ದಿನ ಅಪ್ಪ ಮಾತ್ರೆ ತಗೊಂಡು ಮಲಗಿದ ಮೇಲೆ ನಾನೂ ಅಕ್ಕನೂ ನೋಡೋಕೆ ಕೂತೆವು. ಅಕ್ಕನಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. "ಶಮಂತಕ ಮಣಿ ಇದ್ದಂಗಾ?" ಅಂತ ಕೇಳಿದಳು. ಗಣೇಶನ ಹಬ್ಬಕ್ಕೆ ಅಜ್ಜಿ ಹೇಳ್ತಿದ್ದ ಕಥೆ. ಹೆಚ್ಚುಕಮ್ಮಿ ಹಾಗೇ, ಅದೂ ಇದ್ದ ಕಡೆ ಕ್ಷಾಮ ರೋಗ ಬರ್ತಿರಲಿಲ್ಲವಂತೆ, ಆದ್ರೆ ಅದು ದಿನಾ ಬಂಗಾರ ಕೊಡ್ತಿತ್ತು, ಇದು ತಗೊಳ್ಳುತ್ತೆ ಅಂದೆ.

ಈಗ ಕಥೆಯ ಮುಖ್ಯ ವಿಷಯ. ಆ ಗೋಡೆ ಮೊದಲು ಊರಿಗೆ ಮಾತ್ರ ಇದ್ದಿದ್ದಲ್ಲ, ಅದರಾಚೆಯ ಸೀಮೆಗಳನ್ನೂ ಕಾಯ್ತಿತ್ತು. ರೀಜಿಸ್‌ನ ಅಪ್ಪ ಮೋರ್ಸ್ ಅನ್ನೋ ರಾಜನ ಕಾಲದಲ್ಲಿ, ಅಷ್ಟು ದೂರಕ್ಕೆ ಗೋಡೆ ಹಿಡಿದು ನಿಲ್ಲಿಸೋಕೆ ಆಗಲ್ಲ ಅಂತ, ರಾಜಧಾನಿಯ ಮಟ್ಟಕ್ಕೆ ಹಿಂದಕ್ಕೆ ಎಳೆದುಕೊಂಡರು. ಇರೋ ಶಕ್ತಿಯಲ್ಲಿ ಒಂದನ್ನಾದರೂ ಉಳಿಸಿಕೊಳ್ಳೋಣ ಅನ್ನೋ ಲೆಕ್ಕ. ಹೊರಗುಳಿದ ಊರುಗಳ ಕಥೆ ಮುಗೀತು. ಗಲಾಡ್ ಅಂತ ಒಂದು ಊರು. ಅಲ್ಲಿಂದ ಓಡಿಬಂದವನು ಸಿನಿಮಾದ ನಾಯಕ ನಿಕ್ಸ್. ಅಂಥ ನಿರಾಶ್ರಿತರನ್ನೇ ಆರಿಸಿ ರಾಜ ಒಂದು ಪಡೆ ಕಟ್ಟಿದ್ದಾನೆ, ತನ್ನ ಮಾಯಾಶಕ್ತಿಯಲ್ಲಿ ಒಂದು ಪಾಲು ಅವರಿಗೆ ಕಡ ಕೊಟ್ಟು. ತಮ್ಮ ಊರನ್ನ ಕಾಯದೇ ಇದ್ದ ಗೋಡೆಯನ್ನ ಅವರು ಕಾಯಬೇಕು. ಊರೊಳಗಿನ ಜನ ಅವರನ್ನ ವಲಸೆ ಬಂದೋರು ಅಂತ ಕೀಳಾಗಿ ನೋಡೋದು ಬೇರೆ. ಹೀಗಿರುವಾಗ ಸಾಮ್ರಾಜ್ಯದವರು ಸಂಧಿಗೆ ಬರ್ತಾರೆ: ರಾಜಧಾನಿಯೊಂದನ್ನ ಇಟ್ಟುಕೊಳ್ಳಿ, ಹೊರಗಿನ ನೆಲವನ್ನೆಲ್ಲ ನಮಗೆ ಬಿಟ್ಟುಕೊಡಿ. ರೀಜಿಸ್ ಒಪ್ಪಿಕೊಳ್ತಾನೆ.

ಪಡೆಯ ಎಷ್ಟೋ ಸೈನಿಕರು ತಿರುಗಿ ಬೀಳ್ತಾರೆ. ಸಂಧಿಯ ದಿನವೇ ಮೋಸ. ಮಣಿ ಶತ್ರುಗಳ ಪಾಲು, ಗೋಡೆ ಮಾಯ, ರಾಜ ಸಾಯ್ತಾನೆ. ಒಂದೇ ರಾತ್ರಿಯಲ್ಲಿ ಊರು ಬೂದಿ.

ನಾನು ಆ ಸೈನಿಕರಿಗೆ ಬೈತಾ ಇದ್ದೆ. ಉಂಡ ಮನೆಗೆ ಎರಡು ಬಗೆಯೋ ಜನ, ಇವರನ್ನ ಸಾಕಿದ್ದೇ ಆ ರಾಜ, ಅವನ ಜೀವ ಸವೆಸಿ ಸವೆಸಿ ಇವರಿಗೆ ಶಕ್ತಿ ಕೊಟ್ಟ, ಹೀಗೆ. ಅಕ್ಕ ಟೀವಿಯಿಂದ ಕಣ್ಣು ತೆಗೆಯದೇ ಹೇಳಿದಳು:

"ಅವ್ರದ್ದೇನೋ ತಪ್ಪು? ಅವ್ರೂರಿಗೆ ಯಾರೂ ಬರ್ಲಿಲ್ಲ."

"ಅಲ್ಲ ಕಣೇ, ಎಲ್ರನ್ನೂ ಕಾಯೋ ಶಕ್ತಿ ಇರ್ಲಿಲ್ಲ ಅವ್ನಿಗೆ."

"ಇರ್ಲಿಲ್ಲ. ನಾನೂ ಅದೇ ಹೇಳ್ತಿರೋದು. ಇರ್ಲಿಲ್ಲ ಅಂತ ಹೊರಗಿದ್ದೋರಿಗೂ ಗೊತ್ತು. ಒಳಗಿದ್ದೋನು ಬಂದು ಅದನ್ನ ಹೇಳ್ಬಾರ್ದು, ಅಷ್ಟೇ."

ಆಮೇಲೆ ಎದ್ದು ಹೋಗಿ ಅಪ್ಪನ ಹೊದಿಕೆ ಸರಿ ಮಾಡಿ ಬಂದಳು. ಸಿನಿಮಾ ಇನ್ನೂ ಮುಕ್ಕಾಲು ಗಂಟೆ ಇತ್ತು. ನನಗೆ ಅದರಲ್ಲಿ ಮುಂದೆ ಏನು ನಡೀತು ಅಂತ ಆವತ್ತು ತಲೆಗೆ ಹೋಗಲೇ ಇಲ್ಲ.

1997ರಲ್ಲಿ ಅಕ್ಕ ಸಿಇಟಿ ಬರೆದಿದ್ದಳು. ಮೈಸೂರಿನಲ್ಲಿ ಸೀಟು ಸಿಕ್ಕಿತ್ತು. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದೆ. ಒಂದು ವಾರ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಅಂಗಡಿಯ ಖಾತೆ ಪುಸ್ತಕ ಮನೆಗೇ ತಂದು ರಾತ್ರಿಯೆಲ್ಲ ಕೂಡಿಸಿ ಕಳೆದು ಮಾಡ್ತಿದ್ದರು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು, ಇಬ್ಬರನ್ನೂ ಓದಿಸೋಕೆ ನನ್ನ ಕೈಲಾಗಲ್ಲ, ಎರಡು ವರ್ಷ ಬಿಟ್ಟರೆ ಅವನದು ಬರುತ್ತೆ ಅಂತ. ಅಕ್ಕ ಸಾರು ಬಡಿಸ್ತಾ ಇದ್ದಳು, ಬಡಿಸೋದು ನಿಲ್ಲಿಸಲಿಲ್ಲ. ನಾನು ಏನು ಮಾಡಿದೆ? ಮಜ್ಜಿಗೆ ಹಾಕಿಸಿಕೊಂಡು ಉಂಡು ಎದ್ದೆ. ಆಗ ನನಗೆ ಹದಿನಾರು, ಬುದ್ಧಿ ಇರಲಿಲ್ಲ ಅನ್ನಬಹುದು. ಆದ್ರೆ ನನಗೆ ನೆನಪಿರೋದೇ ಬೇರೆ. ಒಳಗೊಳಗೇ ಸಮಾಧಾನ ಆಗಿತ್ತು. ಸದ್ಯ, ನನ್ನದು ಉಳೀತಲ್ಲ ಅಂತ.

ಎರಡು ವರ್ಷಕ್ಕೆ ಅವಳ ಮದುವೆ ಆಯ್ತು. ಅದೇ ವರ್ಷ ನಾನು ಹಾಸ್ಟೆಲ್ ಸೇರಿದೆ. ಭಾವ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಅಕ್ಕ ಅಲ್ಲೇ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ನುಡಿ ಕಲಿತು, ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಳು. ಅರ್ಜಿ, ಕರಾರುಪತ್ರ, ಮದುವೆ ಕಾರ್ಡು... ಇವತ್ತಿಗೂ ನಾನು ಕನ್ನಡದಲ್ಲಿ ಒಂದು ಸಾಲು ಕುಟ್ಟೋ ಹೊತ್ತಿಗೆ ಅವಳು ಒಂದು ಪುಟ ಮುಗಿಸ್ತಾಳೆ. ಇಪ್ಪತ್ತು ವರ್ಷ ಈ ವಿಷಯ ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಆವತ್ತೂ ಎತ್ತಲಿಲ್ಲ ಅಂತಲೇ ಹೇಳಬೇಕು. ನಾವು ಮಾತಾಡಿದ್ದು ಗಲಾಡ್ ಊರಿನ ಬಗ್ಗೆ ಮಾತ್ರ.

ಅಪ್ಪನದು ತಪ್ಪಾ? ಇದನ್ನ ಬರೀತಾ ಬರೀತಾ ಎಷ್ಟೋ ಸಲ ಅಳಿಸಿದ್ದೀನಿ. ಆ ಖಾತೆ ಪುಸ್ತಕದ ಲೆಕ್ಕ ಸುಳ್ಳಾಗಿರಲಿಲ್ಲ, ದುಡ್ಡು ನಿಜವಾಗಲೂ ಇರಲಿಲ್ಲ. ಆದರೆ ಇದ್ದಷ್ಟರಲ್ಲಿ ಗೋಡೆ ಯಾರ ಸುತ್ತ ಎಳೀಬೇಕು ಅನ್ನೋದನ್ನ ಪುಸ್ತಕ ಹೇಳಿರಲಿಲ್ಲ. ಸೀಟು ಮೊದಲು ಸಿಕ್ಕಿದ್ದು ಅವಳಿಗೆ. ಮಂಡಿ ಸವೆಸಿಕೊಂಡ ಅಪ್ಪನೂ ನಿಜ, ಗೋಡೆ ಹಿಂದಕ್ಕೆ ಎಳೆದುಕೊಂಡ ಅಪ್ಪನೂ ನಿಜ. ಆಟದವರಿಗೆ ಮೋರ್ಸ್ ಮತ್ತು ರೀಜಿಸ್ ಅಂತ ಇಬ್ಬರು ರಾಜರಿದ್ದರು, ಅನುಕೂಲ. ನಮ್ಮನೇಲಿ ಒಬ್ಬರೇ.

ಮೂರು ವಾರ ಇದ್ದು ಅಕ್ಕ ಅರಸೀಕೆರೆಗೆ ಹೊರಟಳು. ಸ್ಟೇಷನ್ನಿನಲ್ಲಿ ಧೈರ್ಯ ಮಾಡಿ, ಸೊಸೆಯ ಇಂಜಿನಿಯರಿಂಗ್ ಫೀಸು ನಾನೇ ಕಟ್ತೀನಿ ಅಂದೆ. ಅವಳು ಆ ವರ್ಷ ಎರಡನೇ ಪಿಯುಸಿ. (ಅಕ್ಕನ ಮಗಳನ್ನ ನಮ್ಮ ಕಡೆ ಸೊಸೆ ಅಂತೀವಿ, ಗೊತ್ತಿಲ್ಲದೋರಿಗೆ ಹೇಳಿದೆ.) ಅಕ್ಕ ನನ್ನ ಮುಖ ನೋಡಿದಳು. ಸಿನಿಮಾ ನೋಡಿ ಹುಟ್ಟಿದ ಔದಾರ್ಯ ಅಂತ ಗೊತ್ತಾಗಿತ್ತು ಅನ್ಸುತ್ತೆ. "ಪೂರ್ತಿ ಬೇಡ. ಅರ್ಧ ಕೊಡು, ಸಾಲ ಅಂತ ಬರ್ಕೊ" ಅಂದಳು. ಹಾಗೇ ಆಯ್ತು. 2023ರಲ್ಲಿ ಕೊನೆಯ ಕಂತು ವಾಪಸ್ ಹಾಕಿದಳು, ಜೊತೆಗೆ ಲೆಕ್ಕದ ಹಾಳೆ. ನುಡಿಯಲ್ಲಿ ಟೈಪ್ ಮಾಡಿ, ಸಹಿ ಹಾಕಿ.

ಅದೇ 2023ರಲ್ಲಿ ಈ ಸರಣಿಯ ಹದಿನಾರನೇ ಆಟ ಬಂತು. ಅದರಲ್ಲಿ ಒಂದಲ್ಲ, ಬೆಟ್ಟದಷ್ಟು ದೊಡ್ಡ ಐದು ಸ್ಫಟಿಕಗಳು. ಅವುಗಳ ಆಸರೆಯಲ್ಲೇ ರಾಜ್ಯಗಳು ಬೆಳೆದಿರ್ತವೆ, ಆದರೆ ನೆಲದ ಜೀವ ಹೀರಿ ಊರೂರೇ ಬರಡಾಗೋದೂ ಅವುಗಳಿಂದಲೇ. ಅದರ ನಾಯಕ ಅವನ್ನ ಒಂದೊಂದಾಗಿ ಒಡೆದು ಹಾಕ್ತಾನೆ. ಆಟ ಅಂತ ನೋಡಿದ್ರೆ ಚೆನ್ನಾಗಿದೆ, ಹೊಡೆದಾಟ ಹದಿನೈದಕ್ಕಿಂತ ಎಷ್ಟೋ ವಾಸಿ. ಆದರೂ ನನಗೆ ಹದಿನೈದೇ ಇಷ್ಟ. ಕಲ್ಲು ಒಡೆದು ಹಾಕೋದು ಸುಲಭ ಅನ್ಸುತ್ತೆ. ಅದನ್ನ ಇಟ್ಟುಕೊಂಡು ಬದುಕಿದೋರ ಮನೇಲಿ ಮಾರನೇ ಬೆಳಿಗ್ಗೆ ಏನು ಮಾತಾಡಬೇಕು ಅನ್ನೋದು ಕಷ್ಟ.

ಹದಿನೈದರ ಕೊನೆ ಹೇಳ್ತೀನಿ ಅಂದಿದ್ದೆನಲ್ಲ. ಅಕ್ಕ ಹೋದ ತಿಂಗಳ ನಂತರ ಮುಗಿಸಿದೆ. ಕದ್ದೊಯ್ದ ಮಣಿಯನ್ನ ಹುಡುಕಿಕೊಂಡು ನಾಕ್ಟಿಸ್ ಶತ್ರುಗಳ ಕೋಟೆಗೆ ಹೋಗ್ತಾನೆ. ಸಿಕ್ಕಿದ ಮಣಿ ಅವನನ್ನೇ ಒಳಗೆ ಎಳೆದುಕೊಳ್ಳುತ್ತೆ. ಹತ್ತು ವರ್ಷ ಅದರೊಳಗೇ ಇರ್ತಾನೆ. ಹೊರಬಂದಾಗ ಗಡ್ಡ ಬಂದಿರುತ್ತೆ, ಲೋಕದಲ್ಲಿ ಬೆಳಗಾಗೋದೇ ನಿಂತು ಹೋಗಿರುತ್ತೆ. ಕತ್ತಲಲ್ಲಿ ಪಿಶಾಚಿಗಳ ಓಡಾಟ. ಸೂರ್ಯ ಮತ್ತೆ ಹುಟ್ಟಬೇಕಾದರೆ ಈ ಕೊನೆಯ ರಾಜ ಸಿಂಹಾಸನದ ಮೇಲೆ ಕೂತು ಪ್ರಾಣ ಕೊಡಬೇಕು. ಹಿಂದಿನ ರಾಜರ ಆತ್ಮಗಳು ಒಬ್ಬೊಬ್ಬರಾಗಿ ಬಂದು ಅವನನ್ನ ಇರೀತಾರೆ. ಎಲ್ಲರಿಗಿಂತ ಕೊನೆಗೆ ಬರೋನು ರೀಜಿಸ್. ಅಪ್ಪನ ಕೈ ತಡೆಯುತ್ತೆ, ಮಗನೇ ಹೂಂ ಅನ್ನಬೇಕು. ಆ ದೃಶ್ಯದಲ್ಲಿ ನಾನು ಅತ್ತೆ, ನಾಚಿಕೆ ಏನಿಲ್ಲ.

ಆ ವಾರವೇ ಅಪ್ಪನ ಫಿಸಿಯೋ ವಿಚಾರ ಕೇಳೋಕೆ ಅಕ್ಕ ಫೋನ್ ಮಾಡಿದ್ದಳು. ಮಾತಿನ ಮಧ್ಯೆ ಕೇಳಿದಳು, "ಆ ಆಟ ಮುಗೀತೇನೋ? ಕೊನೆಗೇನಾಯ್ತು?"

ಸಿಂಹಾಸನದ ಕಥೆ ಹೇಳಿದೆ. ಅಪ್ಪನೇ ಬಂದು ಇರಿಯೋದನ್ನೂ ಹೇಳಿದೆ.

"ಅದ್ಸರಿ. ಹೊರಗಿದ್ದ ಜನ ಏನಾದ್ರು?"

ಅದನ್ನ ನಾನು ಅಷ್ಟು ಗಮನಿಸಿರಲಿಲ್ಲ, ನೆನಪು ಮಾಡಿಕೊಂಡು ಹೇಳಿದೆ. ಗೋಡೆಯ ಹೊರಗೆ, ದೂರದಲ್ಲಿ ಲೆಸ್ಟಾಲಮ್ ಅಂತ ಒಂದು ಊರಿದೆ. ಅಲ್ಲಿಗೆ ಮಣಿಯ ಕಾವಲು ಇಲ್ಲ. ಹಿಂದೆ ಯಾವಾಗಲೋ ಬಿದ್ದ ಉಲ್ಕೆಯ ತುಂಡುಗಳಿಂದ ಕರೆಂಟು ಮಾಡೋ ಒಂದು ಸ್ಥಾವರ ಇದೆ, ಅದರಲ್ಲಿ ಕೆಲಸ ಮಾಡೋರು ಹೆಚ್ಚಾಗಿ ಹೆಂಗಸರೇ. ಆ ಪಿಶಾಚಿಗಳಿಗೆ ಬೆಳಕು ಕಂಡ್ರೆ ಆಗಲ್ಲ. ಹತ್ತು ವರ್ಷದ ಕತ್ತಲಲ್ಲಿ ಆ ಊರು ದೀಪ ಆರದ ಹಾಗೆ ನೋಡಿಕೊಂಡಿತ್ತು. ಅಳಿದುಳಿದ ಜನ ಹೆಚ್ಚಿನಂಶ ಅಲ್ಲೇ ಬಂದು ಸೇರಿದ್ದರು.

"ರಾಜಧಾನಿಯೋರೂ?"

"ಉಳಿದೋರು ಇನ್ನೆಲ್ಲಿಗೆ ಹೋಗ್ತಾರೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಜೆರಾಕ್ಸ್ ಮಿಷನ್ನಿನ ಸದ್ದು ಮಾತ್ರ ಕೇಳ್ತಿತ್ತು. ಯಾರೋ ಗಿರಾಕಿ ಬಂದಿದ್ದರು ಅನ್ಸುತ್ತೆ. ಎರಡು ಪ್ರತಿಯಾ ಮೂರಾ ಅಂತ ಅವರನ್ನ ಕೇಳಿದಳು.

"ಸರಿ, ಅಪ್ಪಂಗೆ ದೀಪಾವಳಿ ಹೊತ್ತಿಗೆ ಇಲ್ಲಿಗೇ ಕರ್ಕೊಂಡು ಬಂದ್ಬಿಡು. ಅಲ್ಲಿ ನಾಲ್ಕನೇ ಫ್ಲೋರು, ಲಿಫ್ಟ್ ಕೈಕೊಟ್ರೆ ಕಷ್ಟ. ಇಲ್ಲಿ ಮೆಟ್ಟಿಲಿಲ್ಲ" ಅಂದಳು.

ಅಪ್ಪ ಆವಾಗಿನಿಂದ ಅಲ್ಲೇ ಇದ್ದಾರೆ.